ಫಿಜಿ ಭಾಷೆಯಲ್ಲಿ ‘ಇಲ್ಲ’ ಅನ್ನೋದು ಹೇಗೆ?

ಪ್ರಶ್ನೆ: ಫಿಜಿಯ ರಾಜಧಾನಿ ಸುವಾಗೆ ಬಂದು ಎಂಟು ತಿಂಗಳಾಯಿತು. ಇಲ್ಲಿನ ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ಇಂಗ್ಲಿಷ್ ನಡೆಯುತ್ತೆ, ಆದರೂ ಬರುವವರ ಜೊತೆ ಅವರ ಭಾಷೆಯಲ್ಲೇ ನಾಲ್ಕು ಮಾತಾಡಬೇಕು ಅಂತ ಆಸೆ. ‘ಸೆಂಗಾ’ ಅಂದರೆ ‘ಇಲ್ಲ’ ಅನ್ನೋದು ಮೊದಲ ವಾರವೇ ಗೊತ್ತಾಯಿತು. ವಾಕ್ಯ ಕಟ್ಟಲು ಹೋದರೆ ಮಾತ್ರ ಎಡವಟ್ಟು. ‘ನನಗೆ ಗೊತ್ತಿಲ್ಲ’ ಅನ್ನೋಕೆ ‘ಔ ಕಿಲಾ ಸೆಂಗಾ’ ಅಂದೆ, ಎದುರಿಗಿದ್ದವರು ಸುಮ್ನೆ ಮುಖ ನೋಡಿದರು. ಒಬ್ಬರ ಮನೆಯಲ್ಲಿ ಇನ್ನೊಂದು ಲೋಟ ಚಹಾ ಬೇಡ ಅನ್ನೋಕೆ ‘ಕುವಾ’ ಅಂದೆ, ಅವರು ಗಾಬರಿಯಾಗಿ ಕೆಟಲ್ ಕೆಳಗಿಟ್ಟುಬಿಟ್ಟರು. ಇಲ್ಲ, ಅಲ್ಲ, ಬೇಡ, ಬಾರದು, ಇನ್ನೂ ಇಲ್ಲ – ಇವನ್ನೆಲ್ಲ ಫಿಜಿಯವರು ಹೇಗೆ ಹೇಳುತ್ತಾರೆ? ಮತ್ತೆ, ಎಲ್ಲದಕ್ಕೂ ‘ಸೆಂಗಾ ನ ಲೆಂಗಾ’ ಅನ್ನುತ್ತಾರಲ್ಲ, ಅದೇನು?

ಉತ್ತರ: ನಿಮ್ಮ ಎರಡು ತಪ್ಪುಗಳೂ ಕನ್ನಡದವರು ಮಾಡುವ ತಪ್ಪುಗಳೇ. ಇಂಗ್ಲಿಷಿನವರು ಅವನ್ನು ಮಾಡೋದಿಲ್ಲ, ಅವರ ತಪ್ಪುಗಳು ಬೇರೆ. ಕನ್ನಡ ನಿಮ್ಮನ್ನು ಎಲ್ಲಿ ಎಡವಿಸಿತೋ ಅಲ್ಲೇ ಕೈ ಹಿಡಿದು ಎಬ್ಬಿಸಲೂಬಲ್ಲದು. ಹಾಗಾಗಿ ಈ ಉತ್ತರ ಉದ್ದಕ್ಕೂ ಕನ್ನಡವನ್ನು ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತೇನೆ.

ಮೊದಲು ಆ ಪದದ ಉಚ್ಚಾರ ಸರಿಮಾಡಿಕೊಳ್ಳೋಣ. ಅದು ‘ಸೆಂಗಾ’ ಅಲ್ಲ, ‘ಸೆಙ’. ನಾವು ಚಿಕ್ಕಂದಿನಲ್ಲಿ ಕ ಖ ಗ ಘ ಙ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಆ ಕೊನೆಯ ಅಕ್ಷರ ಇದು. ಕನ್ನಡದಲ್ಲಿ ಅದಕ್ಕೆ ಒಂಟಿಯಾಗಿ ಕೆಲಸವೇ ಇಲ್ಲ. ‘ಅಂಗಳ’ ಅನ್ನುವಾಗ ಗ ಬರುವುದಕ್ಕೆ ಮುಂಚೆ ಮೂಗಿನಲ್ಲಿ ಬಂದು ಹೋಗುತ್ತೆ, ಅಷ್ಟೇ. ಫಿಜಿಯಲ್ಲಿ ಅದು ಪೂರ್ತಿ ಅಕ್ಷರ. ‘ಅಂಗಳ’ ಅನ್ನಲು ಶುರುಮಾಡಿ, ಗ ಹೇಳುವ ಮುಂಚೆಯೇ ನಿಲ್ಲಿಸಿ, ನೇರವಾಗಿ ‘ಅ’ಗೆ ಹೋಗಿ. ಬರುತ್ತೆ. ಮಗು ಅನ್ನೋಕೆ ‘ಙೊನೆ’, ಕುಡಿಯೋದಕ್ಕೆ ‘ಙುನು’, ಅಳೋದಕ್ಕೆ ‘ತಙಿ’. ನಾಲ್ಕು ದಿನ ಹೇಳಿದರೆ ನಾಲಿಗೆಗೆ ಕೂರುತ್ತೆ.

ಬರವಣಿಗೆಯಲ್ಲಿ ಈ ಙ ದನಿಗೆ ಇಂಗ್ಲಿಷಿನ ಜಿ ಅಕ್ಷರ ಹಾಕುತ್ತಾರೆ. ಅದರಿಂದಲೇ ಹೊಸಬರಿಗೆ ಗೊಂದಲ. 1835ರಲ್ಲಿ ಡೇವಿಡ್ ಕಾರ್ಗಿಲ್ ಮತ್ತು ವಿಲಿಯಂ ಕ್ರಾಸ್ ಅನ್ನುವ ಇಬ್ಬರು ಮೆಥೋಡಿಸ್ಟ್ ಪಾದ್ರಿಗಳು ಲಕೆಂಬ ದ್ವೀಪಕ್ಕೆ ಬಂದರು. ಈ ಭಾಷೆಗೆ ಲಿಪಿ ಹೊಂದಿಸಿದ್ದು ಅಲ್ಲಿ. ‘ಂಬ’, ‘ಂದ’, ‘ಂಗ’ ಇವು ನಮ್ಮ ಕಿವಿಗೆ ಎರಡೆರಡು ದನಿ, ಫಿಜಿಯವರ ಕಿವಿಗೆ ಒಂದೊಂದೇ. ಹಾಗಾಗಿ ಒಂದೊಂದಕ್ಕೆ ಒಂದೇ ಅಕ್ಷರ ಕೊಟ್ಟರು: ಬಿ, ಡಿ, ಕ್ಯೂ. ನೀವು ಇಳಿದ ವಿಮಾನ ನಿಲ್ದಾಣದ ಊರಿನ ಹೆಸರು ಬೋರ್ಡಿನಲ್ಲಿ ‘ನಾಡಿ’ ಅಂತ ಓದಿದರೂ ಜನ ‘ನಾಂದಿ’ ಅನ್ನೋದು ಇದಕ್ಕೇ. ಸಿ ಅಕ್ಷರಕ್ಕೆ ಇರುವ ದನಿ ನಮ್ಮ ದ ಥರ, ಆದರೆ ನಾಲಿಗೆ ಹಲ್ಲಿಗೆ ಪೂರ್ತಿ ಒತ್ತದೆ ನಡುವೆ ಗಾಳಿ ಬಿಡಬೇಕು. ಕೆಳಗೆ ನಾನು ಕೇಳುವ ಹಾಗೇ ಬರೆದಿದ್ದೇನೆ, ಬೋರ್ಡಿನ ಹಾಗೆ ಅಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

‘ಹೋಗುವುದಿಲ್ಲ’ ಅನ್ನುವ ನಮ್ಮ ಪದವನ್ನು ಬಿಡಿಸಿ ನೋಡಿ. ಹೋಗುವುದು + ಇಲ್ಲ. ‘ಹೋಗುವುದು’ ಅನ್ನೋ ಒಂದು ಸಂಗತಿ ಇದೆ, ಅದರ ಬಗ್ಗೆ ‘ಇಲ್ಲ’ ಅನ್ನುತ್ತಿದ್ದೇವೆ. ವಾಕ್ಯದ ನಿಜವಾದ ಕ್ರಿಯಾಪದ ‘ಇಲ್ಲ’, ‘ಹೋಗುವುದು’ ಅದಕ್ಕೆ ಅಂಟಿಕೊಂಡು ಬಂದದ್ದು. ದಿನಕ್ಕೆ ನೂರು ಸಲ ಹೇಳುವುದರಿಂದ ನಮಗೆ ಇದು ಕಾಣೋದಿಲ್ಲ.

ಫಿಜಿಯಲ್ಲೂ ಕಟ್ಟಡ ಇದೇ. ಸೆಙ ಅನ್ನೋದು ಸುಮ್ನೆ ಒಂದು ಅಡ್ಡಪದ ಅಲ್ಲ, ಅದು ಕ್ರಿಯಾಪದ. ‘ಇಲ್ಲವಾಗಿರು’ ಅಂತ ಅದರ ಅರ್ಥ. ವ್ಯತ್ಯಾಸ ಒಂದೇ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ಫಿಜಿಯಲ್ಲಿ ಮುಂದೆ ಬರುತ್ತೆ. ಹಾಗಾಗಿ ‘ಹೋಗುವುದು-ಇಲ್ಲ’ ಅನ್ನೋದನ್ನು ತಿರುವಿ ಹಾಕಿ: ‘ಇಲ್ಲ-ಹೋಗುವುದು’. ಅದೇ ‘ಸೆಙ ನಿ ಲಕೊ’. ಲಕೊ ಅಂದರೆ ಹೋಗು. ನಡುವಿನ ‘ನಿ’ ನಮ್ಮ ‘-ವುದು’ ಮಾಡುವ ಕೆಲಸವನ್ನೇ ಮಾಡುತ್ತೆ. ಮುಂದೆ ಬರುವ ಮಾತನ್ನು ಸೆಙಗೆ ಕಟ್ಟುವ ಗಂಟು ಅದು.

ಇನ್ನು ಯಾರು ಅನ್ನೋದನ್ನು ಎಲ್ಲಕ್ಕಿಂತ ಮುಂದೆ ಇಟ್ಟರೆ ವಾಕ್ಯ ಆಯ್ತು:

ಔ ಸೆಙ ನಿ ಲಕೊ – ನಾನು ಹೋಗೋದಿಲ್ಲ.
ಒ ಸೆಙ ನಿ ಲಕೊ – ನೀನು ಹೋಗೋದಿಲ್ಲ.
ಎ ಸೆಙ ನಿ ಲಕೊ – ಅವನು ಅಥವಾ ಅವಳು ಹೋಗೋದಿಲ್ಲ.
ಎರ ಸೆಙ ನಿ ಲಕೊ – ಅವರೆಲ್ಲ ಹೋಗೋದಿಲ್ಲ.

ನಿಮ್ಮ ‘ಔ ಕಿಲಾ ಸೆಂಗಾ’ ಈಗ ತಾನಾಗಿ ಸರಿಹೋಗುತ್ತೆ: ಔ ಸೆಙ ನಿ ಕಿಲಾ. ‘ಇಲ್ಲ’ವನ್ನು ಕನ್ನಡದ ಹಾಗೆ ಬಾಲಕ್ಕೆ ಹಾಕಿದ್ದಿರಿ, ಅದಕ್ಕೇ ಅವರಿಗೆ ತಿಳಿಯಲಿಲ್ಲ. ‘ನನಗೆ ಗೊತ್ತು’ ಅಂತ ಮೊದಲು ಕೇಳಿಸಿತು, ಆಮೇಲೆ ಎಲ್ಲಿಂದಲೋ ಒಂದು ‘ಇಲ್ಲ’. ಗ್ರಾಹಕರು ಏನಂತ ತಿಳೀಬೇಕು ಹೇಳಿ?

ಹಿಂದಿ ಬಂದರೆ ಇನ್ನೊಂದು ಹಿಡಿಕೆ ಕೊಡ್ತೀನಿ. ‘ಮೈ ನಹೀ ಜಾನ್ತಾ’ ಅನ್ನುವಾಗ ನಹೀ ಎಲ್ಲಿ ಕೂರುತ್ತೋ ‘ಸೆಙ ನಿ’ ಅಲ್ಲೇ ಕೂರುತ್ತೆ. 1879ರಿಂದ 1916ರವರೆಗೆ 60,000ಕ್ಕೂ ಹೆಚ್ಚು ಜನ ಭಾರತದಿಂದ ಗಿರ್ಮಿಟ್, ಅಂದರೆ ಕರಾರಿನ, ಕೂಲಿಗಳಾಗಿ ಫಿಜಿಗೆ ಹೋದರು. ಅವರ ಮಕ್ಕಳು ಮೊಮ್ಮಕ್ಕಳ ಫಿಜಿ ಹಿಂದಿ ನಿಮ್ಮ ಅಂಗಡಿಯಲ್ಲೂ ದಿನಾ ಕೇಳುತ್ತಿರಬೇಕು. 2013ರ ಸಂವಿಧಾನದ ಪ್ರಕಾರ ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಆಡುಮಾತಿನ ಫಿಜಿಯನ್ ಮತ್ತು ಫಿಜಿ ಹಿಂದಿ ಎರಡೂ ಕಡ್ಡಾಯ. ಅಂದರೆ ಸೆಙ ಮತ್ತು ನಹೀ ಎರಡನ್ನೂ ಬಲ್ಲವರು ನಿಮ್ಮ ಸುತ್ತಲೇ ಇದ್ದಾರೆ. ಕೇಳಿ ಕಲಿಯೋಕೆ ಅವರಿಗಿಂತ ಒಳ್ಳೆಯ ಮೇಷ್ಟ್ರು ಸಿಗೋದಿಲ್ಲ.

ಈಗ ನೀವು ಕೇಳಿದ ‘ಇಲ್ಲ’ ಮತ್ತು ‘ಅಲ್ಲ’. ಕನ್ನಡದಲ್ಲಿ ಇವು ಎರಡು ಪದ. ‘ಮೀನಿಲ್ಲ’ ಅಂದರೆ ಬುಟ್ಟಿ ಖಾಲಿ. ‘ಮೀನಲ್ಲ’ ಅಂದರೆ ಬುಟ್ಟಿಯಲ್ಲಿ ಏನೋ ಇದೆ, ಆದರೆ ಅದು ಮೀನು ಅಲ್ಲ. ಫಿಜಿಯಲ್ಲಿ ಎರಡಕ್ಕೂ ಸೆಙನೇ. ಹಾಗಾದರೆ ವ್ಯತ್ಯಾಸ ಎಲ್ಲಿ? ಸೆಙ ಆದಮೇಲೆ ಬರುವ ಪುಟ್ಟ ಪದದಲ್ಲಿ. ‘ನ’ ಬಂದರೆ ವಸ್ತುವೇ ಇಲ್ಲ. ‘ನಿ’ ಬಂದರೆ ಹೇಳಿಕೆ ನಿಜವಲ್ಲ.

ಎ ಸೆಙ ನ ಇಕ – ಮೀನಿಲ್ಲ.
ಎ ಸೆಙ ನ ನೊಂಗು ಇಲವೊ – ನನ್ನ ಹತ್ತಿರ ದುಡ್ಡಿಲ್ಲ. ಪದಕ್ಕೆ ಪದ ನೋಡಿದರೆ ‘ಇಲ್ಲ ನನ್ನ ದುಡ್ಡು’.
ಎ ಸೆಙ ನಿ ನೊಂಗು – ಅದು ನನ್ನದಲ್ಲ.
ಎ ಸೆಙ ನಿ ಒ ಕೊಯ – ಅವನಲ್ಲ.
ಎ ಸೆಙ ನಿ ಲೆವು ನ ವಲೆ – ಮನೆ ದೊಡ್ಡದಲ್ಲ.

ಎರಡನೆಯದನ್ನೂ ಮೂರನೆಯದನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ. ನ ಮತ್ತು ನಿ, ಒಂದು ಸ್ವರದ ವ್ಯತ್ಯಾಸ. ‘ನ’ ಅನ್ನೋದು ಹೆಸರಿನ ಮುಂದೆ ಬರುವ ಗುರುತು. ಅದು ಕಂಡ ಕೂಡಲೇ ಮುಂದೆ ಬರೋದು ಒಂದು ವಸ್ತು ಅಂತ ತಿಳಿಯಬೇಕು. ‘ನಿ’ ಕಂಡರೆ ಮುಂದೆ ಬರೋದು ಒಂದು ಹೇಳಿಕೆ: ಹೋಗುವುದು, ದೊಡ್ಡದಾಗಿರುವುದು, ನನ್ನದಾಗಿರುವುದು. ನಾನು ಕಲಿಯುವಾಗ ಇದೊಂದನ್ನು ಹಿಡಿಯೋಕೆ ಎಷ್ಟೋ ವಾರ ಹಿಡಿಯಿತು. ಯಾರೂ ಇಲ್ಲ-ಅಲ್ಲ ಅಂತ ಹೇಳಿಕೊಟ್ಟಿರಲಿಲ್ಲ. ಹೊಳೆದ ದಿನ ಎಷ್ಟು ಖುಷಿಯಾಯಿತೆಂದರೆ, ಮನೆಯಲ್ಲಿ ಕಂಡದ್ದಕ್ಕೆಲ್ಲ ನ ಹಚ್ಚಿ ಒಂದು ವಾಕ್ಯ, ನಿ ಹಚ್ಚಿ ಒಂದು ವಾಕ್ಯ ಹೇಳಿಕೊಂಡು ತಿರುಗಾಡಿದ್ದೆ. ನೀವೂ ಹಾಗೇ ಮಾಡಿ.

ನಿಮ್ಮ ಅಂಗಡಿಗೆ ಬೇಕಾದ ಜೋಡಿ ಇದು. ಔಷಧಿಗೆ ‘ವೈನಿಮತೆ’ ಅಂತಾರೆ. ವೈ ಅಂದರೆ ನೀರು, ಮತೆ ಅಂದರೆ ಕಾಯಿಲೆ. ‘ಎ ಸೆಙ ನ ವೈನಿಮತೆ ಒಂಗೊರಿ’ – ಆ ಔಷಧಿ ಇಲ್ಲ. ‘ಸಾ ಒತಿ’ ಅಂದರೆ ಇತ್ತು, ಮುಗೀತು. ಮಾರ್ಕೆಟ್‌ನಲ್ಲಿ ನ್ದಲೊ, ಅಂದರೆ ಕೆಸುವಿನ ಗೆಡ್ಡೆ, ಕೇಳಿದಾಗ ‘ಸೆಙ, ಸಾ ಒತಿ’ ಅಂತ ಉತ್ತರ ಬರೋದನ್ನು ಕೇಳಿರುತ್ತೀರಿ. ‘ಇಲ್ಲ, ಖಾಲಿ ಆಯ್ತು’ ಅಂತ.

‘ಯಾರೂ ಇಲ್ಲ, ಏನೂ ಇಲ್ಲ’ ಅನ್ನೋಕೆ ಬೇರೆ ಪದ ಹುಡುಕಬೇಡಿ. ‘ಸೆಙ ನಿ ದುವ’ ಅಂದರೆ ಸಾಕು. ದುವ ಅಂದರೆ ಒಂದು (ಮೊದಲಲ್ಲಿ ‘ಂದ’ ದನಿ ಇದೆ, ಬರೆಯುವ ಅನುಕೂಲಕ್ಕೆ ಬಿಟ್ಟಿದ್ದೇನೆ). ‘ಎ ಸೆಙ ನಿ ದುವ ಎ ಲಕೊ ಮೈ’ – ಒಬ್ಬರೂ ಬರಲಿಲ್ಲ (‘ಲಕೊ ಮೈ’ ಅಂದರೆ ಬಾ). ನಮ್ಮ ‘ಒಬ್ಬರೂ, ಒಂದೂ’ ಹೇಗೆ ಒಂದರಿಂದ ಬಂದಿವೆಯೋ ಹಾಗೇ.

ಹಿಂದೆ, ಮುಂದೆ ಅನ್ನೋ ಕಾಲದ ವಿಷಯ ಬೇಗ ಮುಗಿಸ್ತೀನಿ, ಇದರಲ್ಲಿ ತೊಡಕಿಲ್ಲ. ಕಾಲ ತೋರಿಸುವ ಪದ ಸೆಙಗಿಂತ ಮುಂಚೆ ಬರುತ್ತೆ. ‘ಔ ಆ ಸೆಙ ನಿ ಲಕೊ’ – ಹೋಗಲಿಲ್ಲ. ‘ಔ ನಾ ಸೆಙ ನಿ ಲಕೊ’ – ಮುಂದೆ ಹೋಗೋದಿಲ್ಲ. ಕಾಲ ಹತ್ತೋದು ಸೆಙಗೆ, ಲಕೊಗೆ ಅಲ್ಲ. ಸೆಙ ಕ್ರಿಯಾಪದ ಅನ್ನೋಕೆ ಇದೂ ಒಂದು ಸಾಕ್ಷಿ.

ಇನ್ನೊಂದು ಸಾಕ್ಷಿ ನನಗೆ ತುಂಬಾ ಇಷ್ಟ. ಸೆಙ ಮತ್ತು ನಿ ನಡುವೆ ಪದ ತೂರಿಸಬಹುದು. ಒತ್ತು ಕೊಡೋದು, ಮೆತ್ತಗೆ ಮಾಡೋದು ಎಲ್ಲ ನಡೆಯೋದು ಆ ಸಂದಿಯಲ್ಲೇ.

ಎ ಸೆಙ ಸೊತಿ ನಿ ವಿನಕ – ಅಷ್ಟೇನೂ ಚೆನ್ನಾಗಿಲ್ಲ.
ಔ ಸೆಙ ವಕದುವ ನಿ ರೈದ – ನಾನು ಒಂದ್ಸಲವೂ ನೋಡಿಲ್ಲ.
ಎ ಸೆಙ ಮ್ಬೆಕ ನಿ ರವ – ಆಗಲಿಕ್ಕಿಲ್ಲ.

‘ವಕದುವ’ದೊಳಗೆ ಅದೇ ದುವ ಇದೆ, ಒಂದು ಸಲ ಅಂತ. ‘ಮ್ಬೆಕ’ ಅಂದರೆ ‘ಏನೋ, ಬಹುಶಃ’. ಇದನ್ನು ಖಂಡಿತ ಕಲಿಯಿರಿ. ಮುಖಕ್ಕೆ ಹೊಡೆದ ಹಾಗೆ ‘ಆಗಲ್ಲ’ ಅಂದರೆ ನಮ್ಮಲ್ಲೂ ಒರಟು ಅಲ್ವಾ? ಧಾರವಾಡದ ಕಡೆಯವರು, ಮಂಗಳೂರಿನ ಕಡೆಯವರು ‘ಆಗಲಿಕ್ಕಿಲ್ಲ’ ಅಂತ ಎಷ್ಟು ನಯವಾಗಿ ಹೇಳುತ್ತಾರೆ. ‘ಸೆಙ ಮ್ಬೆಕ ನಿ ರವ’ದಲ್ಲಿ ಅದೇ ನಯ ಇದೆ. ಅಂಗಡಿಯಲ್ಲಿ ದಿನಾ ಬೇಕಾಗುತ್ತೆ.

ಈಗ ಚಹಾದ ಕಥೆ. ಇಲ್ಲಿ ತಪ್ಪು ನಮ್ಮ ‘ಬೇಡ’ದ್ದು. ಕನ್ನಡದ ‘ಬೇಡ’ ಎರಡು ಕೆಲಸ ಮಾಡುತ್ತೆ. ‘ಹೋಗಬೇಡ’ ಅಂದರೆ ತಡೆಯೋದು. ‘ನನಗೆ ಬೇಡ’ ಅಂದರೆ ಇಷ್ಟ ಇಲ್ಲ, ಸಾಕು ಅನ್ನೋದು. ಫಿಜಿಯಲ್ಲಿ ಇವು ಪೂರ್ತಿ ಬೇರೆ ಬೇರೆ.

ತಡೆಯೋಕೆ ‘ಕುವ’. ಇದಾದಮೇಲೂ ನಿ ಬರುತ್ತೆ. ‘ಕುವ ನಿ ಲಕೊ’ – ಹೋಗಬೇಡ. ‘ಕುವ ನಿ ತಙಿ’ – ಅಳಬೇಡ. ‘ಕುವ ನಿ ಙುನುವ ನ ವೈನಿಮತೆ ಒಂಗೊ’ – ಈ ಔಷಧಿ ಕುಡಿಯಬೇಡ. ಒಂಟಿಯಾಗಿ ‘ಕುವ!’ ಅಂದರೆ ‘ಏ, ಬೇಡ!’. ಮಗು ಒಲೆ ಮುಟ್ಟೋಕೆ ಹೋದಾಗ ಕೂಗುವ ಮಾತು ಅದು. ಬಿಸಿ ಕೆಟಲ್ ಹಿಡಿದಿದ್ದವರಿಗೆ ನೀವು ಅದನ್ನೇ ಹೇಳಿದಿರಿ. ಅವರು ಕೆಳಗಿಡದೆ ಏನು ಮಾಡ್ತಾರೆ?

ಚಹಾ ಬೇಡ ಅನ್ನೋಕೆ ‘ಸೆಙ, ವಿನಕ’ ಅನ್ನಿ. ವಿನಕ ಅಂದರೆ ಒಳ್ಳೆಯದು, ಧನ್ಯವಾದ ಅನ್ನೋಕೂ ಅದೇ ಪದ. ‘ನನಗೆ ಅದು ಬೇಡ’ ಅಂತ ಪೂರ್ತಿ ಹೇಳಬೇಕಾದರೆ ‘ಔ ಸೆಙ ನಿ ವಿನಕತ’. ವಿನಕದಿಂದಲೇ ‘ವಿನಕತ’, ಬೇಕು ಅನ್ನೋ ಕ್ರಿಯಾಪದ. ರೂಢಿಯ ಮಾತಾದರೆ ಒಂದು ‘ನ್ದೌ’ ಸೇರಿಸಿ: ‘ಔ ಸೆಙ ನಿ ನ್ದೌ ಙುನು ಯಂಗೊನ’ – ನಾನು ಯಂಗೊನ ಕುಡಿಯೋನಲ್ಲ. ಯಂಗೊನ ಅಂದರೆ ಬೇರು ಕುಟ್ಟಿ ನೀರಲ್ಲಿ ಕಲಸಿ ಮಾಡುವ ಅವರ ಪಾನೀಯ, ಕಾವಾ. ಹಳ್ಳಿಗೆ ಹೋದರೆ ಚಿಪ್ಪಿನಲ್ಲಿ ಕೊಡುತ್ತಾರೆ. ಕುಡಿಯದವರಿಗೆ ಈ ವಾಕ್ಯ ಬಾಯಲ್ಲಿ ಸಿದ್ಧ ಇರಲಿ.

ಗೌರವದ ಮಾತು ಒಂದು ಸೇರಿಸಬೇಕು. ನಮ್ಮ ನೀನು-ನೀವು ಅಲ್ಲೂ ಇದೆ. ಹಿರಿಯರಿಗೆ, ಗುರುತಿಲ್ಲದವರಿಗೆ ಒಬ್ಬರೇ ಇದ್ದರೂ ಬಹುವಚನದ ‘ನಿ’ ಬಳಸುತ್ತಾರೆ. ಹೌದು, ಅದೂ ‘ನಿ’ನೇ, ನಮ್ಮ ‘ನೀವು’ಗೆ ಎಷ್ಟು ಹತ್ತಿರ ಕೇಳಿಸುತ್ತೆ ನೋಡಿ. ಎರಡು ಭಾಷೆಗೂ ನೆಂಟಸ್ತನ ಇಲ್ಲ, ಆಕಸ್ಮಿಕ ಅಷ್ಟೇ, ಆದರೆ ನೆನಪಿಡೋಕೆ ಅನುಕೂಲ. ‘ನಿ ಕುವ ನಿ ಲೆಂಗ’ – ನೀವು ಚಿಂತೆ ಮಾಡಬೇಡಿ. ಮೊದಲ ನಿ ‘ನೀವು’, ಎರಡನೆಯದು ಗಂಟು. ಮುಂದೆ ‘ಕೆರೆಕೆರೆ’ ಸೇರಿಸಿದರೆ ‘ದಯವಿಟ್ಟು’ ಆಯ್ತು.

‘ಬಾರದು’ ಅನ್ನೋಕೆ ಕುವದ ಮುಂದೆ ‘ಮೆ’ ಹಾಕಿ. ‘ಮೆ ಕುವ ನಿ ಲಕೊ’ – ಅವನು ಹೋಗಬಾರದು. ‘ನೀನು’ ಆದರೆ ಮೆ ಮತ್ತು ಒ ಸೇರಿ ‘ಮೊ’ ಆಗುತ್ತೆ: ‘ಮೊ ಕುವ ನಿ ಲಕೊ’. ಚರ್ಚಿನಲ್ಲಿ, ಬೈಬಲ್ ಓದುವಾಗ ‘ಕಕುವ’ ಅಂತ ಕೇಳಿದರೆ ಬೇರೆ ಪದ ಅಂದುಕೊಳ್ಳಬೇಡಿ, ಕುವದ ಗಂಭೀರ ರೂಪ ಅದು.

ಇದಕ್ಕಿಂತ ಬಿಗಿಯಾದ ‘ಕೂಡದು’ ಒಂದಿದೆ, ‘ತಂಬು’. ಇದು ಬಾಯಿಮಾತಿನ ತಡೆ ಅಲ್ಲ, ಕಟ್ಟುಪಾಡು. ‘ತಂಬು ನ ದುರು’ ಅಂತ ಬೋರ್ಡ್ ಇದ್ದರೆ ಒಳಗೆ ಹೋಗುವ ಹಾಗಿಲ್ಲ. ಊರಿನ ಮುಖ್ಯಸ್ಥರು ತೀರಿಕೊಂಡಾಗ ಅವರ ಕಡಲಿನ ಒಂದು ಭಾಗವನ್ನು 100 ರಾತ್ರಿ ತಂಬು ಮಾಡಿ ಮೀನು ಹಿಡಿಯೋದು ನಿಲ್ಲಿಸುವ ಪದ್ಧತಿ ಉಂಟು. ಇಂಗ್ಲಿಷಿನ ‘ಟಬೂ’ ಇದರ ಒಡಹುಟ್ಟು. ಅದನ್ನು ಇಂಗ್ಲಿಷಿಗೆ ತಂದದ್ದು ಪಕ್ಕದ ಟೋಂಗಾ ದ್ವೀಪಗಳಿಗೆ ಹೋಗಿದ್ದ ಕ್ಯಾಪ್ಟನ್ ಕುಕ್. ಮಗುವಿಗೆ, ಗೆಳೆಯರಿಗೆ ಕುವ ಸಾಕು. ತಂಬುವನ್ನು ಸುಮ್ಮಸುಮ್ಮನೆ ಬಳಸಬೇಡಿ, ಅದರ ತೂಕ ಜಾಸ್ತಿ.

ಇನ್ನು ‘ಇನ್ನೂ ಇಲ್ಲ’. ನೀವು ‘ಇನ್ನೂ’ ಅಂತ ದೀರ್ಘ ಹಾಕಿ ಬರೆದದ್ದು ನೋಡಿ ಸಂತೋಷ ಆಯ್ತು, ಯಾಕೆಂದರೆ ಇಡೀ ಗುಟ್ಟು ಆ ದೀರ್ಘದಲ್ಲೇ ಇದೆ. ‘ಇನ್ನು ಬರೋದಿಲ್ಲ’ ಮತ್ತು ‘ಇನ್ನೂ ಬಂದಿಲ್ಲ’. ಮೊದಲನೆಯದರಲ್ಲಿ ಬಾಗಿಲು ಮುಚ್ಚಿತು. ಎರಡನೆಯದರಲ್ಲಿ ತೆರೆದೇ ಇದೆ, ಬರುವವರು ಬರಬಹುದು. ಫಿಜಿಯಲ್ಲೂ ಇಷ್ಟೇ ಚಿಕ್ಕ ವ್ಯತ್ಯಾಸ: ‘ಸಾ’ ಮತ್ತು ‘ಸೆ’.

ಸಾ ಸೆಙ ನಿ ಲಕೊ ಮೈ – ಇನ್ನು ಬರೋದಿಲ್ಲ.
ಎ ಸೆ ಮ್ಬೆರ ನಿ ಲಕೊ ಮೈ – ಇನ್ನೂ ಬಂದಿಲ್ಲ.

‘ಸಾ’ ಅಂದರೆ ಪರಿಸ್ಥಿತಿ ಬದಲಾಯ್ತು. ‘ಸೆ’ ಅಂದರೆ ಇನ್ನೂ ಹಾಗೇ ಇದೆ. ಎರಡನೆಯದರಲ್ಲಿ ಸೆಙ ಇಲ್ಲವೇ ಇಲ್ಲ, ಗಮನಿಸಿ. ಮ್ಬೆರ ಅಂದರೆ ತಡ. ‘ಬರೋದು ಇನ್ನೂ ತಡವಾಗಿದೆ’ ಅಂದರೆ ಅವರಿಗೆ ‘ಬಂದಿಲ್ಲ’ ಅಂತ ಅರ್ಥ. ಆಗದೇ ಇರೋದನ್ನು ‘ಇಲ್ಲ’ ಅನ್ನದೆ ‘ತಡ’ ಅನ್ನೋದು ನನಗಂತೂ ತುಂಬಾ ಚೆಂದ ಕಾಣುತ್ತೆ.

ಇದನ್ನು ಬಳಸೋಕೆ ದಿನಾ ಅವಕಾಶ ಸಿಗುತ್ತೆ. ಕಂಡವರನ್ನೆಲ್ಲ ಊಟ ಆಯ್ತಾ ಅಂತ ಕೇಳೋ ಜನ ನಾವು. ಫಿಜಿಯ ಹಳ್ಳಿಯಲ್ಲಿ ಊಟದ ಹೊತ್ತಿಗೆ ಮನೆ ಮುಂದೆ ಹಾದುಹೋದರೆ ಒಳಗಿಂದ ‘ಮೈ ಕನ!’ ಅಂತ ಕೂಗುತ್ತಾರೆ. ಬಾ, ಊಟ ಮಾಡು ಅಂತ. ‘ಒ ಸಾ ಕನ ಒತಿ?’ ಅಂತ ಯಾರಾದರೂ ಕೇಳಿದರೆ ಅದು ನಮ್ಮ ‘ಊಟ ಆಯ್ತಾ?’ನೇ. ಆಗಿಲ್ಲ ಅಂದರೆ ‘ಸೆಙ’ ಅನ್ನಬೇಡಿ, ‘ಸೆ ಮ್ಬೆರ’ ಅನ್ನಿ. ಅಷ್ಟೇ ಸಾಕು, ಪೂರ್ತಿ ವಾಕ್ಯ ಬೇಡ.

‘ಹೋಗ್ತೀಯೋ ಇಲ್ವೋ?’ ಅನ್ನೋದು ಸುಲಭ: ‘ಒ ನಾ ಲಕೊ ಸೆ ಸೆಙ?’ ಇಲ್ಲಿನ ಸೆ ಅಂದರೆ ‘ಅಥವಾ’, ಮೇಲಿನ ಸೆ ಅಲ್ಲ. ಒಂಟಿ ‘ಇಲ್ಲ’ಕ್ಕೆ ‘ಸೆಙೈ’ ಅನ್ನುವ ಉದ್ದ ರೂಪವೂ ಕೇಳಿಬರುತ್ತೆ. ಒಂದು ಮಾತು, ಇಲ್ಲಿ ನಾನು ಹೇಳಿದ್ದೆಲ್ಲ ಬೌ ದ್ವೀಪದ ಮಾತಿನ ಮೇಲೆ ನಿಂತ ಶಿಷ್ಟ ಫಿಜಿಯನ್. ಶಾಲೆ, ರೇಡಿಯೋ, ಸುವಾದ ಬೀದಿ ಎಲ್ಲ ಕಡೆ ನಡೆಯುತ್ತೆ. ತವೆಉನಿ ದ್ವೀಪದ ಬೌಮಾ ಕಡೆಯವರು ‘ಲಕೊ’ದ ಕ ನುಂಗಿ ‘ಲಒ’ ಅನ್ನೋ ಹಾಗೆ ಹೇಳುತ್ತಾರೆ, ಆದರೆ ಸೆಙ ನಿ ಅಲ್ಲೂ ಹಾಗೇ ಇದೆ.

ಕೊನೆಗೆ ನಿಮ್ಮ ‘ಸೆಙ ನ ಲೆಂಗ’. ಈಗ ಇದನ್ನು ನೀವೇ ಬಿಡಿಸಬಹುದು. ಸೆಙ ಆದಮೇಲೆ ‘ನ’ ಇದೆ, ಅಂದರೆ ಮುಂದಿನದು ವಸ್ತು. ಲೆಂಗ ಅಂದರೆ ತೊಂದರೆ. ತೊಂದರೆ ಇಲ್ಲ, ಪರವಾಗಿಲ್ಲ. ಚಿಲ್ಲರೆ ಇಲ್ಲ ಅಂದರೂ, ಕಾಲು ತುಳಿದರೂ, ಥ್ಯಾಂಕ್ಸ್ ಅಂದರೂ ಅದೇ ಉತ್ತರ. ನಾವು ‘ಪರವಾಗಿಲ್ಲ’ವನ್ನು ಎಲ್ಲೆಲ್ಲಿ ಹೇಳುತ್ತೇವೋ ಸರಿಸುಮಾರು ಅಲ್ಲೆಲ್ಲ. ಇನ್ನು ‘ಕುವ ನಿ ಲೆಂಗ’ದಲ್ಲಿ ಲೆಂಗ ಅದೇ, ಆದರೆ ಅದಕ್ಕೆ ಮುಂಚೆ ನಿ ಇದೆ. ಹಾಗಾಗಿ ಅಲ್ಲಿ ಅದು ಕ್ರಿಯೆ: ಚಿಂತೆ ಮಾಡಬೇಡ. ನಾಳೆ ಅಂಗಡಿಗೆ ಬಂದ ಅಜ್ಜಿಯೊಬ್ಬರು ಚೀಟಿ ಮರೆತು ಬಂದೆ ಅಂತ ಪೇಚಾಡಿದರೆ ಎರಡನ್ನೂ ಹೇಳಿ, ಮೊದಲು ‘ನಿ ಕುವ ನಿ ಲೆಂಗ’, ಆಮೇಲೆ ‘ಸೆಙ ನ ಲೆಂಗ’.